ಶುಶ್ರೂಷೆಗೆ ಬೆಲೆ ಕಟ್ಟುವವರು ಯಾರು?

ಅನೇಕ ಖಾಸಗಿ ಆಸ್ಪತ್ರೆಗಳ ಬಿಲ್ಲಿನಲ್ಲಿ ಕೊಠಡಿ ಬಾಡಿಗೆ, ಔಷಧ, ವೈದ್ಯರ ಶುಲ್ಕಗಳ ಜೊತೆಗೆ ‘ನರ್ಸಿಂಗ್ ಶುಲ್ಕ’ ಎಂಬ ಸಾಲೊಂದು ಇರುತ್ತದೆ. ರಾತ್ರಿಯಿಡೀ ಎಚ್ಚರವಿದ್ದು ರೋಗಿಯನ್ನು ನೋಡಿಕೊಂಡ ನರ್ಸಿಗೆ ಆ ಹಣದಲ್ಲಿ ಸಂದದ್ದೆಷ್ಟು ಎಂಬುದನ್ನು ಬಿಲ್ಲು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಒಂದೇ ಕಾಲೇಜಿನಲ್ಲಿ ಓದಿ, ಒಂದೇ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಇಬ್ಬರು ನರ್ಸ್‌ಗಳ ಸಂಬಳದಲ್ಲಿ ಅಜಗಜಾಂತರವಿರಬಹುದು. ಕೇಂದ್ರ ಸರ್ಕಾರಿ ಆಸ್ಪತ್ರೆಯ ಕಾಯಂ ನರ್ಸಿಗೆ 7ನೇ ವೇತನ ಆಯೋಗದ ಶ್ರೇಣಿಯಂತೆ 2016ರಿಂದ ನಿಗದಿಯಾದ ಆರಂಭಿಕ ಮೂಲವೇತನ 44,900 ರೂಪಾಯಿ. ಅದೇ ವರ್ಷ, ಸುಪ್ರೀಂ ಕೋರ್ಟಿನ ಆದೇಶದ ಮೇರೆಗೆ ರಚಿತವಾದ ತಜ್ಞರ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಗಳಲ್ಲಿ ಕನಿಷ್ಠ 20,000 ರೂಪಾಯಿಯನ್ನಾದರೂ ಕೊಡಬೇಕೆಂದು ಶಿಫಾರಸು ಮಾಡಿತು. ಅಷ್ಟನ್ನೂ ವಿಧಿಸಿ ಹೇಳಬೇಕಾಯಿತು ಎಂಬುದೇ ವಾಸ್ತವಕ್ಕೆ ಹಿಡಿದ ಕನ್ನಡಿ.

ಕೊರತೆಯಿದ್ದಲ್ಲಿ ಬೆಲೆ ಏರಬೇಕೆಂಬುದು ಅರ್ಥಶಾಸ್ತ್ರದ ಮೊದಲ ಪಾಠ. ನರ್ಸ್‌ಗಳ ಕೊರತೆಯ ಮಾತು ಎಲ್ಲೆಡೆ ಕೇಳಿಬರುತ್ತಿದ್ದರೂ ಸಂಬಳವೇಕೆ ಏರದು? ರೋಗಿಗಳ ಅಗತ್ಯ ಬೇರೆ, ಮಂಜೂರಾದ ಹುದ್ದೆಗಳ ಸಂಖ್ಯೆ ಬೇರೆ. ಸರ್ಕಾರಿ ಹುದ್ದೆಗಳು ಸೀಮಿತ. ಅವುಗಳಲ್ಲಿಯೂ ಹಲವು ಗುತ್ತಿಗೆಯವು. ಇತ್ತ ಖಾಸಗಿ ಕಾಲೇಜುಗಳಿಂದ ಹೊರಬರುವವರ ಬೆನ್ನಿಗೆ ಶಿಕ್ಷಣ ಸಾಲವಿರುತ್ತದೆ. ಕೊಲ್ಲಿ ರಾಷ್ಟ್ರಗಳಲ್ಲಿ ಉದ್ಯೋಗ ಪಡೆಯಲು ಅನುಭವ ಪತ್ರ ಬೇಕು. ಅದಕ್ಕಾಗಿ ಒಂದೆರಡು ವರ್ಷ ಕೊಟ್ಟಷ್ಟಕ್ಕೆ ದುಡಿಯಲು ಅವರು ಒಪ್ಪುತ್ತಾರೆಂಬುದು ಆಡಳಿತ ಮಂಡಳಿಗಳಿಗೆ ತಿಳಿದಿದೆ. ಅನುಭವಿಗಳು ಹೋದಂತೆ ಹೊಸಬರು ಬರುತ್ತಾರೆ, ನಷ್ಟ ರೋಗಿಯದು.

ಸಣ್ಣ ಆಸ್ಪತ್ರೆಗಳು ಹೊರೆ ತಾಳಲಾರವೆಂಬ ವಾದದಲ್ಲಿ ಸತ್ಯಾಂಶವಿದೆ. ಸಮಿತಿಯು ಅದನ್ನು ಗಮನಿಸಿಯೇ ಹಾಸಿಗೆಗಳ ಸಂಖ್ಯೆಗೆ ತಕ್ಕಂತೆ ವೇತನ ಸೂಚಿಸಿತ್ತು: 200ಕ್ಕಿಂತ ಹೆಚ್ಚು ಹಾಸಿಗೆಗಳಿದ್ದರೆ ರಾಜ್ಯ ಸರ್ಕಾರಿ ನರ್ಸ್‌ಗಳಿಗೆ ಸಮಾನ ವೇತನ; ನೂರಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇ 10ರಷ್ಟು, ಐವತ್ತರಿಂದ ನೂರರವರೆಗೆ ಶೇ 25ರಷ್ಟು ಮಾತ್ರ ಕಡಿಮೆ ಇರಬಹುದು. ಆದರೆ ಆರೋಗ್ಯ ರಾಜ್ಯಪಟ್ಟಿಯ ವಿಷಯ. ರಾಜ್ಯಗಳು ಮನಸ್ಸು ಮಾಡದಿದ್ದರೆ ಶಿಫಾರಸು ಕಡತದಲ್ಲೇ ಉಳಿಯುತ್ತದೆ. ಕೇರಳದಲ್ಲಿ 2017ರಲ್ಲಿ ನರ್ಸ್‌ಗಳು ಬೀದಿಗಿಳಿದ ಬಳಿಕವೇ, 2018ರ ಏಪ್ರಿಲ್‌ನಲ್ಲಿ 20,000 ರೂಪಾಯಿ ಕನಿಷ್ಠ ಮೂಲವೇತನದ ಅಧಿಸೂಚನೆ ಹೊರಬಿದ್ದದ್ದು.

ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿಸಿಕೊಳ್ಳಬೇಕು. ನರ್ಸ್‌ಗಳಿಗೆ ಬ್ಯಾಂಕ್ ಮೂಲಕ ನ್ಯಾಯಯುತ ವೇತನ ಪಾವತಿಸಿದ ದಾಖಲೆಯನ್ನು ನೋಂದಣಿ ನವೀಕರಣದ ಷರತ್ತಾಗಿಸಲು ಸರ್ಕಾರ ಮುಂದಾಗಬೇಕು. ಆಸ್ಪತ್ರೆಯ ಕಟ್ಟಡ, ಉಪಕರಣಗಳನ್ನು ಪರಿಶೀಲಿಸುವ ಅಧಿಕಾರಿ ಸಂಬಳದ ಪಟ್ಟಿಯನ್ನೂ ನೋಡಲಿ. ರೋಗಿಯ ಸುರಕ್ಷತೆ ಅದರಲ್ಲಿಯೂ ಅಡಗಿದೆ.