ಹಳೆಯ ಮೋಟಾರ್ ಸೈಕಲ್ಲಿನ ಮುಂಗಾಲು

ಕಲಾವಿಭಾಗದ ವಿದ್ಯಾರ್ಥಿಯೊಬ್ಬ ಯಂತ್ರದ ವಿಷಯ ಬರೆಯಹೊರಟರೆ ಗುರುಗಳು ಹುಬ್ಬೇರಿಸುವುದು ಸಹಜ. ಚರಿತ್ರೆ, ಅರ್ಥಶಾಸ್ತ್ರಗಳನ್ನು ಓದುತ್ತಿರುವ ನನಗೆ ಈ ವಿಷಯದಲ್ಲಿ ಅಧಿಕಾರವೇನೂ ಇಲ್ಲ. ಇರುವುದು ಸಂಬಂಧ ಮಾತ್ರ. ನಮ್ಮ ತಂದೆಯವರದು ಊರ ಹೊರಗಿನ ಒಂದು ಚಿಕ್ಕ ಗ್ಯಾರೇಜು. ನಮ್ಮಣ್ಣ ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟು ಅಲ್ಲಿ ಸ್ಪ್ಯಾನರು ಹಿಡಿದ. ಅವನು ಅದನ್ನು ಹಿಡಿದದ್ದರಿಂದಲೇ ನಾನು ಪುಸ್ತಕ ಹಿಡಿಯುವಂತಾಯಿತು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಗ್ಯಾರೇಜಿನಲ್ಲಿ ನನ್ನ ವಿದ್ಯೆಯಿಂದ ಆಗುವ ಉಪಯೋಗ ಒಂದೇ: ಇಂಗ್ಲಿಷಿನಲ್ಲಿರುವ ಕೈಪಿಡಿಗಳನ್ನು ಓದಿ ಹೇಳುವುದು.

ಅಣ್ಣನ ಬಳಿ ಒಂದು ಹಳೆಯ ಯೆಜ್ಡಿ ಇದೆ. 1961ರಲ್ಲಿ ಮೈಸೂರಿನಲ್ಲಿ ಜಾವಾ ಗಾಡಿಗಳನ್ನು ತಯಾರಿಸಲು ತೊಡಗಿ, ಮುಂದೆ ಅವಕ್ಕೆ ಯೆಜ್ಡಿ ಎಂದು ಹೆಸರಿಟ್ಟು, 1996ರಲ್ಲಿ ಬಾಗಿಲು ಮುಚ್ಚಿದ ಕಾರ್ಖಾನೆಯ ಕೂಸು ಅದು. ಹಿಂದಿನ ಯಜಮಾನರಾರೋ ಅದರ ದೀಪ, ಮಡ್‌ಗಾರ್ಡುಗಳನ್ನು ಕಿತ್ತು, ಹಲ್ಲುಹಲ್ಲಾದ ಟೈರು ಹಾಕಿಸಿ, ಮಣ್ಣುಹಾದಿಯ ಪಂದ್ಯಕ್ಕೆಂದು ಸಿದ್ಧಪಡಿಸಿದ್ದರು. 1964ರಲ್ಲಿ ಬೆಲ್ಜಿಯಂ ದೇಶದ ಜೋಯೆಲ್ ರೋಬೆರ್ ಎಂಬ ಇಪ್ಪತ್ತು ವರ್ಷದ ಹುಡುಗ ಜೆಕೊಸ್ಲೊವಾಕಿಯದ ಸಿ.ಝಡ್. ಗಾಡಿಯ ಮೇಲೆ ಕುಳಿತು ಇಂಥದೇ ಪಂದ್ಯದಲ್ಲಿ ಜಗತ್ತನ್ನು ಗೆದ್ದನೆಂದು ಅಣ್ಣನಿಗೆ ಓದಿ ಹೇಳಿದವನು ನಾನೇ. ಮುಂದೆ ನಡೆದದ್ದರಲ್ಲಿ ನನಗೂ ಒಂದು ಪಾಲಿದೆ.

ಗಾಡಿಯ ಮುಂಗಾಲುಗಳು, ಎಂದರೆ ಫೋರ್ಕು, ಬಹಳ ಮೆದುವೆಂದು ಅಣ್ಣನ ದೂರು. ಬ್ರೇಕು ಹಿಡಿದರೆ ಮೂತಿ ನೆಲಕ್ಕೆ ಬಾಗುತ್ತಿತ್ತು. ಅವನು ಯಾವುದೋ ಭಾರದ ಗಾಡಿಯ ಗಡುಸಾದ ಸ್ಪ್ರಿಂಗುಗಳನ್ನು ತಂದು ತೊಡಿಸಿ, ಮೇಲೆ ವಾಷರುಗಳನ್ನೂ ಒಟ್ಟಿ, ಒಳಗೆ ಮಂದವಾದ ಎಣ್ಣೆ ಸುರಿದ. ಮೂತಿ ಬಾಗುವುದೇನೋ ನಿಂತಿತು. ಆದರೆ ಕೆರೆ ಏರಿಯ ಹಿಂದಿನ ಇಳಿಜಾರಿನಲ್ಲಿ, ಮಳೆ ಕೊರೆದ ಸಾಲುಸಾಲು ಗೀರುಗಳ ಮೇಲೆ ಮುಂದಿನ ಚಕ್ರ ಕಪ್ಪೆಯಂತೆ ಕುಪ್ಪಳಿಸಿ, ಅಣ್ಣ ಬಿದ್ದ. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಗ್ಯಾರೇಜಿನಲ್ಲಿ ತಂದೆಯವರು ಒಬ್ಬರೇ ದುಡಿದರು. ಸಂಜೆ ಕಾಲೇಜು ಬಿಟ್ಟ ಮೇಲೆ ನಾನು ಟೈರು ಬಿಚ್ಚಿದೆ. ಆ ದಿನಗಳಲ್ಲೇ ಅಣ್ಣ ನನ್ನನ್ನು ಕೇಳಿದ: “ಅಷ್ಟು ಗಟ್ಟಿ ಮಾಡಿದ್ರೂ ಯಾಕೋ ಬಿತ್ತು? ಓದಿದೀಯಲ್ಲ, ಹೇಳು.”

ಓದಬೇಕಾಯಿತು.

ಫೋರ್ಕಿನ ಎರಡು ಕಾಲುಗಳಲ್ಲಿ ಪ್ರತಿಯೊಂದೂ ಒಂದರೊಳಗೊಂದು ಜಾರುವ ಎರಡು ಕೊಳವೆಗಳು. ಒಳಗೆ ಸ್ಪ್ರಿಂಗು, ಎಣ್ಣೆ. ಎಣ್ಣೆಯ ತಡೆಯುಳ್ಳ ಇಂಥ ಫೋರ್ಕನ್ನು ಮಾರಾಟದ ಗಾಡಿಗೆ ಮೊದಲು ಹಾಕಿದವರು 1935ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯೂ.ನವರು. ಸವಾರನ ಕೈ ನೋಯದಿರಲೆಂದೇ ಫೋರ್ಕು ಇರುವುದೆಂದು ನಾವೆಲ್ಲ ತಿಳಿದಿದ್ದೆವು. ಅದರ ಮುಖ್ಯ ಕೆಲಸ ಬೇರೆ: ಚಕ್ರವನ್ನು ನೆಲಕ್ಕೆ ಅಂಟಿಸಿಡುವುದು. ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ತಿರುವೂ ಇಲ್ಲ. ಸ್ಪ್ರಿಂಗು ಭಾರವನ್ನು ಹೊರುತ್ತದೆ, ಒತ್ತಿದಷ್ಟನ್ನೂ ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನು ಪಳಗಿಸುವುದು ಎಣ್ಣೆ.

ಎಣ್ಣೆಯ ಗುಟ್ಟು ಇರುವುದು ಅದು ಹಾಯುವ ತೂತುಗಳಲ್ಲಿ. ಆ ಕಾಲದ ಹೆಚ್ಚಿನ ಫೋರ್ಕುಗಳಲ್ಲಿ ತೂತಿನ ಅಳತೆ ಬದಲಾಗದು. ಅಂಥ ತೂತಿನಲ್ಲಿ ಎಣ್ಣೆಯ ವೇಗ ಎರಡರಷ್ಟಾದರೆ ತಡೆ ಸುಮಾರು ನಾಲ್ಕರಷ್ಟಾಗುತ್ತದೆ, ಮೂರರಷ್ಟಾದರೆ ಒಂಬತ್ತರಷ್ಟು. ಬ್ರೇಕು ಹಿಡಿದಾಗ ಫೋರ್ಕು ನಿಧಾನವಾಗಿ ಇಳಿಯುತ್ತದೆ. ಆಗ ತಡೆ ಸಾಲದು. ಚೂಪುಕಲ್ಲಿಗೆ ಬಡಿದಾಗ ಥಟ್ಟನೆ ಇಳಿಯಬೇಕು. ಆಗ ತಡೆ ಅತಿಯಾಗಿ ಫೋರ್ಕು ಕಬ್ಬಿಣದ ಸರಳಿನಂತೆ ಬಿಗಿಯುತ್ತದೆ. ಎಣ್ಣೆಯನ್ನು ಮಂದ ಮಾಡಿದರೆ ಮೊದಲನೆಯ ಕೊರತೆ ತುಸು ತೀರಿ ಎರಡನೆಯ ಕೇಡು ಬೆಳೆಯುತ್ತದೆ. ಅಣ್ಣನಿಗೆ ಆದದ್ದು ಅದೇ. ಅದರ ಮೇಲೆ ಐವತ್ತೆಂಟು ಕಿಲೋ ತೂಗುವ ಅವನಿಗೆ ಆ ಸ್ಪ್ರಿಂಗು ಬಗ್ಗಲೇ ಇಲ್ಲ.

ಇದಕ್ಕೆ ಹೊರದೇಶದವರು ಒಂದು ಉಪಾಯ ಕಂಡಿದ್ದಾರೆ. ಹಳೆಯ ತೂತುಗಳನ್ನು ದೊಡ್ಡದು ಮಾಡಿ, ಅವುಗಳ ಮೇಲೆ ಪುಟ್ಟ ಸ್ಪ್ರಿಂಗಿನ ಒಂದು ವಾಲ್ವನ್ನು ಕೂರಿಸುವುದು. ನಿಧಾನಕ್ಕೆ ಅದು ಮುಚ್ಚಿ ತಡೆಯುತ್ತದೆ, ಪೆಟ್ಟು ಜೋರಾದರೆ ತೆರೆದು ದಾರಿ ಬಿಡುತ್ತದೆ. ಒಳ್ಳೆಯ ವಸ್ತು; ಬೆಲೆ ನಮ್ಮದಲ್ಲ. ಹೊಸ ಗಾಡಿಯ ಫೋರ್ಕನ್ನೇ ತಂದು ಹಾಕೋಣವೆಂದು ಅಣ್ಣ ಆಸೆಪಟ್ಟ. ಈಗಿನ ಪಂದ್ಯದ ಗಾಡಿಗಳ ಫೋರ್ಕು 12 ಅಂಗುಲದಷ್ಟು ಚಲಿಸುತ್ತದೆ. ಅಷ್ಟುದ್ದದ ಕಾಲು ಕೊಟ್ಟರೆ ಮುಂಭಾಗ ಮೇಲೆದ್ದು, ಹ್ಯಾಂಡಲ್ಲಿನ ಓರೆ ಬದಲಾಗಿ, ಗಾಡಿ ತಿರುಗಲು ಮೊಂಡುಬೀಳುತ್ತದೆ. ಹಳೆಯ ಚೌಕಟ್ಟಿನ ಕುತ್ತಿಗೆಯ ಮೇಲೆ ಬೀಳುವ ಎಳೆತವೂ ಹೆಚ್ಚು. ಅಮೆರಿಕದಲ್ಲಿ ಹಳೆಯ ಗಾಡಿಗಳ ಪಂದ್ಯಗಳಿಗೆ ಮುಂದೆ 7, ಹಿಂದೆ 4 ಅಂಗುಲಕ್ಕಿಂತ ಹೆಚ್ಚಿನ ಚಲನೆ ಕೂಡದೆಂಬ ನಿಯಮವೇ ಇದೆ. ನನಗೆ ಆ ನಿಯಮ ಸರಿಯೆನಿಸುತ್ತದೆ. ಎಲ್ಲವನ್ನೂ ಹೊಸದು ಮಾಡಿದ ಮೇಲೆ ಹಳೆಯದೆಂದು ಕರೆಯಲು ಏನು ಉಳಿಯಿತು?

ಕೊನೆಗೆ ಕೈಯಲ್ಲಿದ್ದುದರಲ್ಲೇ ಮಾಡಿದೆವು. ಗಾಡಿಯ ಸ್ವಂತ ಸ್ಪ್ರಿಂಗುಗಳನ್ನೇ ಮತ್ತೆ ತೆಗೆದುಕೊಂಡೆವು. ತಂದೆಯವರು ಅವುಗಳ ನಲವತ್ತು ಸುತ್ತುಗಳಲ್ಲಿ ನಾಲ್ಕನ್ನು ಕತ್ತರಿಸಿದರು. ಕತ್ತರಿಸಿದರೆ ಸ್ಪ್ರಿಂಗು ಬಡವಾಗುವುದೆಂದು ನಾನು ಗಾಬರಿಗೊಂಡೆ. ನಿಜವೇನೆಂದರೆ ಸುತ್ತು ಕಡಿಮೆಯಾದಷ್ಟೂ ಅದು ಗಡುಸಾಗುತ್ತದೆ. ನಲವತ್ತು ಮೂವತ್ತಾರಾದರೆ ನೂರಕ್ಕೆ ಹನ್ನೊಂದರಷ್ಟು. ಲೆಕ್ಕ ನಾನು ಪುಸ್ತಕದಲ್ಲಿ ಆಮೇಲೆ ಕಂಡದ್ದು. ಅವರ ಕೈಗೆ ಮೊದಲೇ ಗೊತ್ತಿತ್ತು. ಕಡಿಮೆಯಾದ ಉದ್ದಕ್ಕೆ ಕೊಳವೆಯ ತುಂಡೊಂದನ್ನು ಇಟ್ಟರು. ಅಣ್ಣ ಒಟ್ಟಿದ್ದ ವಾಷರುಗಳ ಸಂಗತಿಯೂ ಆಗ ಬಗೆಹರಿಯಿತು: ಅವು ಗಾಡಿಯನ್ನು ಎತ್ತರಿಸುತ್ತವೆಯೇ ಹೊರತು ಸ್ಪ್ರಿಂಗಿನ ಗುಣವನ್ನು ಬದಲಿಸುವುದಿಲ್ಲ.

ಆಯಿಲ್ ಸೀಲುಗಳು ಹೊಸವು. ಎಣ್ಣೆ ಮೊದಲಿಗಿಂತ ಒಂದೇ ಮೆಟ್ಟಲು ಮಂದ, ಎರಡು ಕಾಲುಗಳಲ್ಲೂ ಒಂದೇ ಮಟ್ಟ. ಈ ಮಟ್ಟದಲ್ಲಿಯೂ ಒಂದು ಜಾಣತನವಿದೆ. ಎಣ್ಣೆಯ ಮೇಲೆ ಉಳಿಯುವ ಗಾಳಿಯೂ ಒಂದು ಸ್ಪ್ರಿಂಗೇ. ಗಾಳಿಯ ಜಾಗ ಕಿರಿದಾದರೆ ಫೋರ್ಕು ಮೊದಲಲ್ಲಿ ಮೆದುವಾಗಿಯೇ ಇದ್ದು, ತಳ ಮುಟ್ಟುವ ಹೊತ್ತಿಗೆ ಮಾತ್ರ ಗಡುಸಾಗುತ್ತದೆ. ಹತ್ತು ಹತ್ತು ಮಿಲಿಲೀಟರಿನಂತೆ ಸುರಿದು ನೋಡಿದೆವು. ಅತಿಯಾದರೆ ಸೀಲು ಒಡೆಯುತ್ತದೆ.

ನಮ್ಮ ಫೋರ್ಕಿನ ಚಲನೆ ಅಳೆದಾಗ ಐದಂಗುಲ ಬಂತು. ಸವಾರ ಕುಳಿತಾಗ ಅದರ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇಳಿದಿರಬೇಕೆಂಬುದು ಬಲ್ಲವರ ಅಳತೆ. ಗುಂಡಿ ಬಂದಾಗ ಚಕ್ರ ಕೆಳಗಿಳಿಯಲು ಆ ಜಾಗ ಬೇಕು. ಅಣ್ಣ ಕುಳಿತ. ನಾನು ಸ್ಕೇಲು ಹಿಡಿದೆ. ಒಂದೂವರೆ ಅಂಗುಲ.

ತಂದೆಯವರು ಸೈಕಲ್ ಟ್ಯೂಬಿನಿಂದ ಒಂದು ಬಳೆ ಕತ್ತರಿಸಿ ಒಳಕೊಳವೆಗೆ ಮೊದಲೇ ತೊಡಿಸಿದ್ದರು. ಫೋರ್ಕು ಎಷ್ಟು ಇಳಿಯಿತೋ ಅಲ್ಲಿಗೆ ಅದು ಸರಿದು ನಿಲ್ಲುತ್ತದೆ. ಅಣ್ಣ ಅದೇ ಇಳಿಜಾರಿಗೆ ಹೋದ. ಅವ್ವ ಬರಲಿಲ್ಲ, ಬಾಗಿಲಲ್ಲೇ ನಿಂತಳು. ಅವನು ಕೆಳಗಿನಿಂದ ತಿರುಗಿ ಬಂದಾಗ ಬಳೆ ನಾಲ್ಕೂವರೆ ಅಂಗುಲದಲ್ಲಿ ನಿಂತಿತ್ತು. ತಂದೆಯವರು ಅದನ್ನು ಬೆರಳಿನಿಂದ ಕೆಳಕ್ಕೆ ತಳ್ಳಿ, “ಇನ್ನೊಂದ್ಸಲ ಹೋಗ್ಬಾ” ಎಂದರು.