ಆಲ್ಕೊಹಾಲ್: ಒಂದು ಹೆಸರು, ಹಲವು ವಸ್ತುಗಳು

ದಿನನಿತ್ಯದ ಮಾತಿನಲ್ಲಿ ಒಂದು ಶಬ್ದಕ್ಕಿರುವ ಅರ್ಥವೇ ಶಾಸ್ತ್ರದಲ್ಲಿಯೂ ಇರಬೇಕೆಂಬ ನಿಯಮವಿಲ್ಲ. ‘ಬಲ’, ‘ಕೆಲಸ’, ‘ಲವಣ’ ಮೊದಲಾದ ಶಬ್ದಗಳನ್ನು ವಿಜ್ಞಾನವು ತನ್ನದೇ ಆದ ನಿಶ್ಚಿತ ಅರ್ಥದಲ್ಲಿ ಪ್ರಯೋಗಿಸುತ್ತದೆ. ಈ ವ್ಯತ್ಯಾಸವನ್ನು ಮರೆತ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಕೆಲವು ಅಂಕಗಳು ನಷ್ಟವಾಗಬಹುದು. ಆದರೆ ಒಂದು ಶಬ್ದದ ವಿಷಯದಲ್ಲಿ ಈ ವ್ಯತ್ಯಾಸವು ಜೀವನ್ಮರಣಗಳ ಪ್ರಶ್ನೆಯೇ ಆಗಿದೆ. ಆ ಶಬ್ದ ‘ಆಲ್ಕೊಹಾಲ್’.

ಈ ಶಬ್ದದ ತವರು ಅರಬ್ಬಿ ಭಾಷೆ. ಅಲ್ಲಿ ‘ಕುಹ್ಲ್’ ಎಂದರೆ ಕಣ್ಣಿಗೆ ಹಚ್ಚುವ ಅಂಜನ. ‘ಅಲ್’ ಎಂಬುದು ನಾಮಪದದ ಹಿಂದೆ ಸೇರುವ ಉಪಪದ. ಆಂಟಿಮನಿಯ ಅದಿರನ್ನು ನುಣ್ಣಗೆ ಅರೆದು ಆ ಅಂಜನವನ್ನು ಸಿದ್ಧಪಡಿಸುತ್ತಿದ್ದರು. ಯುರೋಪಿನ ಭಾಷೆಗಳನ್ನು ಸೇರಿದ ಮೇಲೆ ಶಬ್ದದ ಅರ್ಥ ವಿಸ್ತಾರವಾಯಿತು. ಮೊದಲು ಯಾವುದೇ ನುಣ್ಣನೆಯ ಪುಡಿಗೂ, ಅನಂತರ ಯಾವುದೇ ಪದಾರ್ಥದಿಂದ ಬೇರ್ಪಡಿಸಿದ ಶುದ್ಧ ಸಾರಕ್ಕೂ ಈ ಹೆಸರು ಸಲ್ಲತೊಡಗಿತು. ಹದಿನಾರನೆಯ ಶತಮಾನದ ವೈದ್ಯ ಪ್ಯಾರಾಸೆಲ್ಸಸನು ದ್ರಾಕ್ಷಾಮದ್ಯದ ಸಾರವನ್ನು ‘ಮದ್ಯದ ಆಲ್ಕೊಹಾಲ್’ ಎಂದು ಕರೆದನು. ಕಾಲಕ್ರಮದಲ್ಲಿ ‘ಮದ್ಯದ’ ಎಂಬ ವಿಶೇಷಣ ಉದುರಿಹೋಗಿ, ‘ಆಲ್ಕೊಹಾಲ್’ ಎಂದರೆ ಅಮಲೇರಿಸುವ ಆ ದ್ರವವೇ ಎಂಬ ರೂಢಿ ಬೆಳೆಯಿತು. ಜನಸಾಮಾನ್ಯರ ಮಾತಿನಲ್ಲಿ ಇಂದಿಗೂ ಅದೇ ಅರ್ಥ ನಿಂತಿದೆ.

ರಸಾಯನ ವಿಜ್ಞಾನವಾದರೋ ಅಲ್ಲಿಗೆ ನಿಲ್ಲಲಿಲ್ಲ. ಮರವನ್ನು ಗಾಳಿಯಾಡದಂತೆ ಮುಚ್ಚಿ ಕಾಸಿದಾಗ ಇನ್ನೊಂದು ತಿಳಿಯಾದ, ಉರಿಯುವ ದ್ರವ ದೊರೆಯುತ್ತದೆ. 1834ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿಗಳಾದ ದ್ಯೂಮಾ ಮತ್ತು ಪೆಲಿಗೊ ಅದರ ರಚನೆಯನ್ನು ಪರಿಶೀಲಿಸಿ, ಅದೂ ಮದ್ಯದ ಸಾರವನ್ನೇ ಹೋಲುತ್ತದೆಂಬುದನ್ನು ತೋರಿಸಿದರು. ಗ್ರೀಕ್ ಭಾಷೆಯಲ್ಲಿ ಮದ್ಯವನ್ನೂ ಮರವನ್ನೂ ಸೂಚಿಸುವ ಎರಡು ಶಬ್ದಗಳನ್ನು ಕೂಡಿಸಿ ‘ಮೀಥೈಲ್’ ಎಂಬ ಹೆಸರು ಹುಟ್ಟಿತು. ಹೀಗೆ ಒಂದು ವಸ್ತುವಿನ ಹೆಸರಾಗಿದ್ದ ‘ಆಲ್ಕೊಹಾಲ್’, ಒಂದು ದೊಡ್ಡ ಕುಟುಂಬದ ಹೆಸರಾಯಿತು.

ಈ ಕುಟುಂಬದ ಲಕ್ಷಣವೇನು? ಆಮ್ಲಜನಕದ ಒಂದು ಪರಮಾಣು ಮತ್ತು ಜಲಜನಕದ ಒಂದು ಪರಮಾಣು ಸೇರಿದ ಜೋಡಿಗೆ ಹೈಡ್ರಾಕ್ಸಿಲ್ ಗುಂಪು ಎಂದು ಹೆಸರು. ಈ ಗುಂಪು ಇಂಗಾಲದ ಒಂದು ಪರಮಾಣುವಿಗೆ ಸೇರಿಕೊಂಡಿರಬೇಕು. ಆ ಇಂಗಾಲದ ನಾಲ್ಕು ಬಂಧಗಳೂ ಏಕಬಂಧಗಳಾಗಿರಬೇಕು. ಆಗ ಮಾತ್ರ ಆ ಸಂಯುಕ್ತ ಆಲ್ಕೊಹಾಲ್ ಎನಿಸಿಕೊಳ್ಳುತ್ತದೆ. ಬೆಂಜೀನಿನ ಉಂಗುರಕ್ಕೆ ಹೈಡ್ರಾಕ್ಸಿಲ್ ನೇರವಾಗಿ ಅಂಟಿಕೊಂಡಿರುವ ಫೀನಾಲನ್ನು ಈ ಕುಟುಂಬಕ್ಕೆ ಸೇರಿಸುವುದಿಲ್ಲ. ಅದರ ಗುಣ ಆಮ್ಲಗಳ ಕಡೆಗೆ ವಾಲುತ್ತದೆ. 1892ರಲ್ಲಿ ಜಿನೀವಾ ನಗರದಲ್ಲಿ ಸೇರಿದ ವಿಜ್ಞಾನಿಗಳು, ಆಲ್ಕೊಹಾಲುಗಳ ಹೆಸರುಗಳು ‘ಆಲ್’ ಎಂಬ ಪ್ರತ್ಯಯದಿಂದ ಕೊನೆಗೊಳ್ಳಬೇಕೆಂದು ಗೊತ್ತುಪಡಿಸಿದರು. ಮೆಥನಾಲ್, ಎಥನಾಲ್ ಎಂಬ ಹೆಸರುಗಳು ಈ ಕ್ರಮವನ್ನು ಅನುಸರಿಸಿದವು.

ಈ ಕುಟುಂಬದ ಸದಸ್ಯರ ವೈವಿಧ್ಯ ಬೆರಗುಗೊಳಿಸುವಂಥದು. ಸಕ್ಕರೆ ಕಾರ್ಖಾನೆಗಳಲ್ಲಿ ಉಳಿಯುವ ಕಾಕಂಬಿಯನ್ನು ಹುದುಗೆಬ್ಬಿಸಿ ಪಡೆಯುವುದು ಎಥನಾಲ್. ಎಣ್ಣೆಯಿಂದ ಸಾಬೂನು ತಯಾರಿಸುವಾಗ ಜೊತೆಯಲ್ಲಿ ದೊರೆಯುವ, ಸಿಹಿಯಾದ ಗ್ಲಿಸರಿನ್ ಮೂರು ಹೈಡ್ರಾಕ್ಸಿಲ್ ಗುಂಪುಗಳುಳ್ಳ ಆಲ್ಕೊಹಾಲ್. ಪುದೀನದ ಜಾತಿಯ ಗಿಡಗಳಿಂದ ಬರುವ ತಂಪಾದ ಮೆಂಥಾಲ್, ನಮ್ಮ ರಕ್ತದಲ್ಲಿರುವ ಕೊಲೆಸ್ಟರಾಲ್, ಇವೂ ಆಲ್ಕೊಹಾಲುಗಳೇ. ಇರುಳುಗಣ್ಣು ಬಾರದಂತೆ ನಮ್ಮನ್ನು ಕಾಪಾಡುವ ‘ಎ’ ಜೀವಸತ್ವದ ಒಂದು ರೂಪವಾದ ರೆಟಿನಾಲ್ ಕೂಡ ಇದೇ ಕುಟುಂಬಕ್ಕೆ ಸೇರಿದೆ. ಕುಟುಂಬ ಒಂದೇ ಆದರೂ ಗುಣ ಒಂದೇ ಅಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಮೆಥನಾಲ್ ಮತ್ತು ಎಥನಾಲುಗಳ ಭೇದವನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಮೊದಲನೆಯದರಲ್ಲಿ ಇಂಗಾಲದ ಪರಮಾಣು ಒಂದು, ಎರಡನೆಯದರಲ್ಲಿ ಎರಡು. ಎರಡೂ ನೀರಿನಂತೆ ತಿಳಿಯಾದ ದ್ರವಗಳು. ಬಣ್ಣದಿಂದಾಗಲಿ, ವಾಸನೆಯಿಂದಾಗಲಿ ಸಾಮಾನ್ಯರು ಅವುಗಳನ್ನು ಬೇರೆಬೇರೆಯಾಗಿ ಗುರುತಿಸಲಾರರು. ಎಥನಾಲಿನ ಸೇವನೆಯೂ ದೇಹಕ್ಕೆ ಕೇಡೇ. ಆದರೆ ಮೆಥನಾಲ್ ನೇರವಾಗಿ ವಿಷ. ಯಕೃತ್ತಿನ ಕಿಣ್ವಗಳು ಅದನ್ನು ಮೊದಲು ಫಾರ್ಮಾಲ್ಡಿಹೈಡ್ ಆಗಿ, ಬಳಿಕ ಫಾರ್ಮಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಈ ಆಮ್ಲವು ಜೀವಕೋಶಗಳ ಉಸಿರಾಟವನ್ನು ತಡೆಯುತ್ತದೆ. ಕಣ್ಣಿನ ನರವನ್ನು ಹಾಳುಮಾಡುತ್ತದೆ. ಕೆಲವೇ ಚಮಚಗಳಷ್ಟು ಮೆಥನಾಲ್ ಮನುಷ್ಯನನ್ನು ಕುರುಡನನ್ನಾಗಿ ಮಾಡಬಲ್ಲದು, ಕೊಲ್ಲಲೂ ಬಲ್ಲದು. ಕುಡಿದೊಡನೆ ವಿಷದ ಲಕ್ಷಣಗಳು ಕಾಣಿಸಿಕೊಳ್ಳದೆ ಹಲವು ಗಂಟೆಗಳು ಕಳೆಯುವುದುಂಟು. ಆದುದರಿಂದ ಚಿಕಿತ್ಸೆಗೆ ಇರುವ ಅಮೂಲ್ಯವಾದ ಕಾಲವು ವ್ಯರ್ಥವಾಗಿ ಹೋಗುತ್ತದೆ. ಕಣ್ಣಿನ ಅಂಜನದಿಂದ ಹುಟ್ಟಿದ ಹೆಸರಿನ ಕುಟುಂಬದಲ್ಲಿ ಕಣ್ಣನ್ನು ಕಾಯುವ ಸದಸ್ಯನೂ ಇದ್ದಾನೆ, ಕಣ್ಣನ್ನು ಕಳೆಯುವ ಸದಸ್ಯನೂ ಇದ್ದಾನೆ.

1981ರಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿಯನ್ನು ಕುಡಿದು 300ಕ್ಕೂ ಹೆಚ್ಚು ಮಂದಿ ಮಡಿದರು. ಇಂಥ ದುರಂತಗಳು ದೇಶದ ಬೇರೆ ಕಡೆಗಳಲ್ಲಿಯೂ ಮತ್ತೆ ಮತ್ತೆ ನಡೆದಿವೆ. 2020ರಲ್ಲಿ ಕೊರೊನಾ ಸಾಂಕ್ರಾಮಿಕದ ಸಮಯದಲ್ಲಿ ಇರಾನ್ ದೇಶದಲ್ಲಿ ಆಲ್ಕೊಹಾಲ್ ಕುಡಿದರೆ ರೋಗ ತಗಲುವುದಿಲ್ಲವೆಂಬ ಗಾಳಿಮಾತು ಹರಡಿತು. ಅದನ್ನು ನಂಬಿ ಮೆಥನಾಲ್ ಕುಡಿದ ನೂರಾರು ಜನ ಪ್ರಾಣ ಕಳೆದುಕೊಂಡರು. ಕೈಗಳ ಮೇಲಿನ ವೈರಾಣುಗಳನ್ನು ಕೊಲ್ಲಲು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ್ದುದು ನೀರು ಬೆರೆಸಿದ ಎಥನಾಲ್ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲ್. ಅದೂ ಕೈಗೆ ಹಚ್ಚಿಕೊಳ್ಳುವುದಕ್ಕೆ ಮಾತ್ರ.

ಹೆಸರಿನ ಪ್ರಯೋಗಕ್ಕೆ ಎಷ್ಟು ಬೆಲೆಯಿದೆಯೆಂಬುದಕ್ಕೆ ಇನ್ನೊಂದು ಘಟನೆಯುಂಟು. 1937ರಲ್ಲಿ ಅಮೆರಿಕದಲ್ಲಿ ಒಂದು ಸಲ್ಫಾ ಔಷಧವನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ಸಿಹಿಯಾದ ದ್ರವದಲ್ಲಿ ಕರಗಿಸಿ ‘ಎಲಿಕ್ಸಿರ್’ ಎಂಬ ಹೆಸರಿನಲ್ಲಿ ಮಾರಲಾಯಿತು. ಆ ದ್ರವವೂ ಆಲ್ಕೊಹಾಲುಗಳ ಕುಟುಂಬದ್ದೇ. ಆದರೆ ಮೂತ್ರಪಿಂಡಗಳಿಗೆ ಮಾರಕ. ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅನೇಕರು ಮಕ್ಕಳು. ಔಷಧವನ್ನು ಮಾರುವ ಮೊದಲು ಅದರ ಸುರಕ್ಷತೆಯನ್ನು ಪರೀಕ್ಷಿಸಬೇಕೆಂಬ ಕಾನೂನು ಆಗ ಅಲ್ಲಿ ಇರಲಿಲ್ಲ. ‘ಎಲಿಕ್ಸಿರ್’ ಎಂಬ ಹೆಸರಿದ್ದರೆ ಅದರಲ್ಲಿ ಎಥನಾಲ್ ಇರಬೇಕು, ಇದರಲ್ಲಿ ಅದು ಇಲ್ಲ ಎಂಬ ಆಧಾರದ ಮೇಲೆಯೇ ಅಧಿಕಾರಿಗಳು ಔಷಧವನ್ನು ಹಿಂದಕ್ಕೆ ಪಡೆಯಬೇಕಾಯಿತು. ಮರುವರ್ಷ, 1938ರಲ್ಲಿ, ಅಲ್ಲಿ ಹೊಸ ಕಾನೂನು ಜಾರಿಗೆ ಬಂದಿತು.

ಕನ್ನಡದಲ್ಲಿ ಆಲ್ಕೊಹಾಲಿಗೆ ‘ಮದ್ಯಸಾರ’ ಎಂಬ ಶಬ್ದ ಬಳಕೆಯಲ್ಲಿದೆ. ಎಥನಾಲಿಗೆ ಅದು ಒಪ್ಪುವ ಹೆಸರು. ಇಡೀ ಕುಟುಂಬಕ್ಕೆ ಅನ್ವಯಿಸಿದರೆ ತಪ್ಪಾಗುತ್ತದೆ. ಮೆಥನಾಲನ್ನು ಮದ್ಯಸಾರದ ಒಂದು ಬಗೆಯೆಂದು ಹೇಳಿದರೆ, ಅದು ಕುಡಿಯತಕ್ಕ ವಸ್ತುವೆಂಬ ಭ್ರಮೆಗೆ ಎಡೆಮಾಡಿಕೊಟ್ಟಂತೆ. ಆದುದರಿಂದ ಪ್ರಯೋಗಶಾಲೆಯಲ್ಲಾಗಲಿ, ಅಂಗಡಿಯಲ್ಲಾಗಲಿ, ‘ಆಲ್ಕೊಹಾಲ್’ ಎಂಬ ಮಾತು ಕಿವಿಗೆ ಬಿದ್ದಾಗ ಸೀಸೆಯ ಮೇಲಿನ ಪೂರ್ಣ ಹೆಸರನ್ನು ಓದಿ, ಅದು ಯಾವ ಆಲ್ಕೊಹಾಲ್ ಎಂದು ಕೇಳುವುದು ವಿವೇಕಿಗಳ ಲಕ್ಷಣ.