ಸ್ಮಾರ್ಟ್‌ಫೋನುಗಳ ದೀರ್ಘಾವಧಿ ಪೋಷಣೆ: ತಯಾರಕರ ವಚನದ ಬೆಲೆ

೨೦೨೩ರ ಅಕ್ಟೋಬರಿನಲ್ಲಿ ಗೂಗಲ್ ಸಂಸ್ಥೆಯು ತನ್ನ ಪಿಕ್ಸೆಲ್ ೮ ಫೋನಿಗೆ ಏಳು ವರ್ಷಗಳ ಕಾಲ ತಂತ್ರಾಂಶದ ಅಪ್‌ಡೇಟುಗಳನ್ನು ಒದಗಿಸುವುದಾಗಿ ಸಾರಿತು. ೨೦೨೪ರ ಜನವರಿಯಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯು ಗ್ಯಾಲಕ್ಸಿ ಎಸ್ ೨೪ಕ್ಕೆ ಅಷ್ಟೇ ಅವಧಿಯ ವಚನವನ್ನು ಕೊಟ್ಟಿತು. ಹಣದ ವ್ಯವಹಾರ, ಗುರುತಿನ ದಾಖಲೆ, ಪತ್ರವ್ಯವಹಾರ ಇವೆಲ್ಲವೂ ಒಂದೇ ಯಂತ್ರದಲ್ಲಿ ಅಡಕವಾಗಿರುವಾಗ, ಭದ್ರತೆಯ ಅಪ್‌ಡೇಟು ನಿಂತುಹೋದ ಫೋನು ಅಗುಳಿ ಸಡಿಲಿದ ಮನೆಗೆ ಸಮಾನ. ಇಂತಹ ವಚನವನ್ನು ಎಷ್ಟರಮಟ್ಟಿಗೆ ನಂಬಬಹುದು? ವರ್ಷಗಳ ಸಂಖ್ಯೆಯೊಂದರಿಂದಲೇ ಇದಕ್ಕೆ ಉತ್ತರ ದೊರೆಯದು. ವಚನವನ್ನು ನಡೆಸುವ ಶಕ್ತಿ ಯಾರ ಕೈಯಲ್ಲಿದೆ, ಅವಧಿಯ ಎಣಿಕೆ ಎಂದಿನಿಂದ, ತಪ್ಪಿದರೆ ಏನು ಎಂಬ ಮೂರು ಸಂಗತಿಗಳನ್ನು ವಿಚಾರಿಸಬೇಕೆಂದು ನಮಗೆ ತೋರುತ್ತದೆ.

ಮೊದಲನೆಯದಾಗಿ, ಆಂಡ್ರಾಯ್ಡ್ ಫೋನಿನ ಅಪ್‌ಡೇಟು ಒಬ್ಬನ ಕೆಲಸವಲ್ಲ. ಅದರ ತಳಹದಿಯಾದ ಲಿನಕ್ಸ್ ಕರ್ನಲ್ಲನ್ನು ಬರೆಯುವವರು ಬೇರೆ. ಅದರ ಮೇಲೆ ವ್ಯವಸ್ಥೆಯನ್ನು ಕಟ್ಟುವ ಗೂಗಲ್ ಬೇರೆ. ಚಿಪ್ಪನ್ನು ನಡೆಸುವ ಡ್ರೈವರುಗಳನ್ನು ಒದಗಿಸುವವರು ಬೇರೆ. ಫೋನನ್ನು ಮಾರುವವರು ಅನೇಕ ವೇಳೆ ಮತ್ತೊಬ್ಬರು. ಈ ಸರಪಣಿಯ ಒಂದು ಕೊಂಡಿ ಕಳಚಿದರೂ ಅಪ್‌ಡೇಟು ತೊಡಕಿಗೆ ಸಿಲುಕುತ್ತದೆ. ೨೦೧೧ರ ನವೆಂಬರಿನಲ್ಲಿ ಮಾರಾಟಕ್ಕೆ ಬಂದ ಗ್ಯಾಲಕ್ಸಿ ನೆಕ್ಸಸ್ ಫೋನಿಗೆ ಆಂಡ್ರಾಯ್ಡ್ ೪.೪ ದೊರೆಯದೆಂದು ಗೂಗಲ್ ೨೦೧೩ರಲ್ಲಿ ತಿಳಿಸಿತು. ಹದಿನೆಂಟು ತಿಂಗಳ ಅವಧಿ ಮುಗಿದಿದೆ ಎಂಬುದು ಅದು ಕೊಟ್ಟ ಕಾರಣ. ಆದರೆ ಆ ಫೋನಿನ ಚಿಪ್ಪನ್ನು ತಯಾರಿಸಿದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ೨೦೧೨ರಲ್ಲಿಯೇ ಫೋನುಗಳ ಚಿಪ್ಪಿನ ವ್ಯಾಪಾರದಿಂದ ಹಿಂದೆ ಸರಿದಿದ್ದುದೂ ಗಮನಾರ್ಹ.

ಇದಕ್ಕೆ ವಿರುದ್ಧವಾದ ನಿದರ್ಶನಗಳೂ ಉಂಟು. ತನ್ನ ಚಿಪ್ಪನ್ನೂ ವ್ಯವಸ್ಥೆಯನ್ನೂ ತಾನೇ ರೂಪಿಸುವ ಆಪಲ್ ಸಂಸ್ಥೆಯು ೨೦೧೩ರ ಐಫೋನ್ ೫ಎಸ್‌ಗೆ ೨೦೨೩ರ ಜನವರಿಯಲ್ಲಿಯೂ ಭದ್ರತೆಯ ಅಪ್‌ಡೇಟನ್ನು ಕಳುಹಿಸಿತು. ನೆದರ್ಲೆಂಡ್ಸಿನ ಫೇರ್‌ಫೋನ್ ಎಂಬ ಚಿಕ್ಕ ಸಂಸ್ಥೆಯು ಚಿಪ್ಪಿನ ತಯಾರಕರ ಬೆಂಬಲ ನಿಂತ ಬಳಿಕವೂ ತನ್ನ ೨೦೧೫ರ ಫೇರ್‌ಫೋನ್ ೨ನ್ನು ೨೦೨೩ರವರೆಗೆ ಪೋಷಿಸಿತು. ಆದುದರಿಂದ, ಸಂಸ್ಥೆ ಏನನ್ನು ಹೇಳಿತೆಂಬುದಕ್ಕಿಂತ ಸರಪಣಿಯ ಎಷ್ಟು ಕೊಂಡಿಗಳು ಅದರ ವಶದಲ್ಲಿವೆ, ಕಳಚಿದ ಕೊಂಡಿಯನ್ನು ಬೆಸೆಯುವ ಮನಸ್ಸು ಅದಕ್ಕೆ ಇದೆಯೆ ಎಂಬುದೇ ಮುಖ್ಯ.

ಎರಡನೆಯದು ಎಣಿಕೆಯ ಮಾತು. ಈ ಏಳು ವರ್ಷಗಳು ಫೋನು ಮಾರುಕಟ್ಟೆಗೆ ಮೊದಲು ಬಂದಂದಿನಿಂದ ಆರಂಭವಾಗುತ್ತವೆ. ನಾವು ಕೊಂಡ ದಿನದಿಂದಲ್ಲ. ಪಿಕ್ಸೆಲ್ ೮ರ ಅವಧಿ ೨೦೩೦ರ ಅಕ್ಟೋಬರಿಗೆ ತುಂಬುತ್ತದೆ. ಬೆಲೆ ಇಳಿದ ಮೇಲೆ, ೨೦೨೫ರ ಅಕ್ಟೋಬರಿನಲ್ಲಿ, ಅದನ್ನು ಕೊಂಡ ವಿದ್ಯಾರ್ಥಿಗೆ ಉಳಿದದ್ದು ಐದೇ ವರ್ಷ. ಹೀಗೆ ಕಡಮೆ ಹಣವುಳ್ಳವನಿಗೆ ವಚನದ ಕಡಮೆ ಭಾಗವೇ ದಕ್ಕುತ್ತದೆ. ಇದಲ್ಲದೆ, ತಂತ್ರಾಂಶದ ವಚನವು ಬ್ಯಾಟರಿಯ ವಚನವಲ್ಲ. ಬ್ಯಾಟರಿ ಹಳತಾದ ಐಫೋನುಗಳ ವೇಗವನ್ನು ಅಪ್‌ಡೇಟಿನ ಮೂಲಕ ತಗ್ಗಿಸಿದ್ದುದನ್ನು ಆಪಲ್ ೨೦೧೭ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಅಪ್‌ಡೇಟು ಬರುತ್ತಿದ್ದ ಮಾತ್ರಕ್ಕೆ ಯಂತ್ರವು ಮೊದಲಿನಂತೆಯೇ ಉಳಿಯುವುದೆಂದು ತಿಳಿಯಲಾಗದು.

ಮೂರನೆಯದಾಗಿ, ವಚನ ತಪ್ಪಿದರೆ ಕೇಳುವವರಾರು? ಅಪ್‌ಡೇಟುಗಳನ್ನು ಹೆಚ್ಚು ಕಾಲ ಒದಗಿಸುವಂತೆ ಸ್ಯಾಮ್‌ಸಂಗನ್ನು ನಿರ್ಬಂಧಿಸಬೇಕೆಂದು ನೆದರ್ಲೆಂಡ್ಸಿನ ಗ್ರಾಹಕರ ಸಂಘವೊಂದು ಹೂಡಿದ ದಾವೆ ೨೦೧೮ರಲ್ಲಿ ಸೋತಿತು. ಬ್ರಿಟನ್ನಿನಲ್ಲಿ ೨೦೨೪ರ ಏಪ್ರಿಲ್ ೨೯ರಿಂದ ಜಾರಿಗೆ ಬಂದ ಶಾಸನವು ಭದ್ರತೆಯ ಅಪ್‌ಡೇಟಿನ ಕನಿಷ್ಠ ಅವಧಿಯನ್ನು ಪ್ರಕಟಿಸಬೇಕೆಂದು ವಿಧಿಸುತ್ತದೆ. ಅದು ಇಷ್ಟೇ ವರ್ಷವಿರಬೇಕೆಂದು ಹೇಳುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಿ ೨೦೨೫ರ ಜೂನ್ ೨೦ರಿಂದ ಅನ್ವಯಿಸುವ ನಿಯಮವು ಒಂದು ಹೆಜ್ಜೆ ಮುಂದಿದೆ. ಮಾದರಿಯೊಂದನ್ನು ಮಾರುಕಟ್ಟೆಗೆ ಬಿಡುವುದು ನಿಂತ ದಿನದಿಂದ ಕನಿಷ್ಠ ಐದು ವರ್ಷ ಅಪ್‌ಡೇಟುಗಳು ಉಚಿತವಾಗಿ ದೊರೆಯಬೇಕೆಂಬುದು ಅದರ ಆಶಯ. ಎಣಿಕೆಯನ್ನು ಮಾರಾಟದ ಕೊನೆಯಿಂದ ಹಿಡಿದಿರುವುದು ನ್ಯಾಯವಾಗಿದೆ. ಆದರೆ ತಯಾರಕರು ಅಪ್‌ಡೇಟನ್ನು ‘ಒದಗಿಸಿದರೆ’ ಎಂಬ ಷರತ್ತು ಅದರ ವಾಕ್ಯದಲ್ಲಿಯೇ ಸೇರಿದೆ. ಒದಗಿಸದೆಯೇ ಇದ್ದರೆ ಏನೆಂಬ ಸಂದೇಹಕ್ಕೆ ಇದು ಎಡೆಗೊಡುತ್ತದೆ. ತಯಾರಕರೇ ವ್ಯಾಪಾರವನ್ನು ಬಿಡುವುದೂ ಉಂಟು. ಎಲ್‌ಜಿ ಸಂಸ್ಥೆಯು ೨೦೨೧ರ ಏಪ್ರಿಲಿನಲ್ಲಿ ಫೋನುಗಳ ವ್ಯಾಪಾರವನ್ನು ಮುಚ್ಚುವುದಾಗಿ ಸಾರಿತು.

ಹಾಗಾದರೆ ನಂಬಬೇಕೆ, ಬೇಡವೆ? ಹದಿನೆಂಟು ತಿಂಗಳಿನಿಂದ ಏಳು ವರ್ಷಕ್ಕೆ ಏರಿದುದು ನಿಜವಾದ ಪ್ರಗತಿ, ಅದನ್ನು ಅಲ್ಲಗಳೆಯಲಾಗದು. ಆದರೆ ಮೇಲೆ ಹೇಳಿದ ಎರಡು ವಚನಗಳು ೨೦೩೦ ಮತ್ತು ೨೦೩೧ರಲ್ಲಿ ಮಾತ್ರ ಪೂರ್ಣವಾಗಿ ಪರೀಕ್ಷೆಗೆ ಬರುತ್ತವೆ. ಅಲ್ಲಿಯವರೆಗೆ, ಅದೇ ತಯಾರಕರ ನಾಲ್ಕೈದು ವರ್ಷ ಹಳೆಯ ಫೋನಿಗೆ ಇಂದು ಅಪ್‌ಡೇಟು ಬರುತ್ತಿದೆಯೆ ಎಂದು ನೋಡುವುದೇ ಉತ್ತಮ ಪ್ರಮಾಣ. ಮುಕ್ತಾಯದ ದಿನಾಂಕವನ್ನು ಪ್ರಕಟಿಸಿದ್ದಾರೆಯೆ, ಅದರಲ್ಲಿ ತಮ್ಮ ಪಾಲಿಗೆ ಉಳಿಯುವುದೆಷ್ಟು ಎಂಬುದನ್ನು ಕೊಳ್ಳುವವರು ಲೆಕ್ಕ ಹಾಕಲಿ. ಮೊದಲ ನಾಲ್ಕು ವರ್ಷಗಳ ಪೋಷಣೆಗೆ ತಕ್ಕ ಬೆಲೆಯನ್ನು ತೆರುವುದು ವಿವೇಕ. ಉಳಿದ ಮೂರು ವರ್ಷಗಳು ಬಂದರೆ ಲಾಭವೆಂದು ಭಾವಿಸಬೇಕೇ ಹೊರತು, ಅವುಗಳಿಗಾಗಿ ಇಂದೇ ಹೆಚ್ಚಿನ ಹಣವನ್ನು ಕೊಡುವುದು ಉಚಿತವೆಂದು ನಮಗೆ ತೋರುವುದಿಲ್ಲ.